ಬಾಣಂತನಕ್ಕೆ ವೀಸಾ

ಕಚೇರಿಯ ಮೆಟ್ಟಿಲು ಹತ್ತಿದವನಿಗೆ ಕೆಲಸ ಆಗದೆ ಹೋದರೂ, ಇಳಿಯುವ ಹೊತ್ತಿಗೆ ಹೇಳಿಕೊಳ್ಳಲು ಒಂದು ಪ್ರಸಂಗವಂತೂ ಸಿಕ್ಕಿರುತ್ತದೆ. ನನಗೆ ಮೆಟ್ಟಿಲಿಗೊಂದರಂತೆ ಸಿಕ್ಕಿವೆ. ಈಗ ಹೇಳುವಾಗ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಉಳಿದದ್ದೆಲ್ಲ ಕಲಿತದ್ದು ಮನವಿ ಪತ್ರ ಬರೆದು, ಬೀದಿಯಲ್ಲಿ ಕೂತು, ಪೊಲೀಸ್ ವ್ಯಾನು ಹತ್ತಿ. ಸ್ಮಶಾನಕ್ಕೆ ದಾರಿ ಬಿಡದಿದ್ದರೆ ಧರಣಿ, ಹಾಸ್ಟೆಲಿನ ಮಕ್ಕಳಿಗೆ ಹುಳ ಬಿದ್ದ ಅಕ್ಕಿ ಬೇಯಿಸಿದರೆ ರಸ್ತೆ ತಡೆ. ನನ್ನ ಊರು ಮುಡುಕುತೊರೆ ಹತ್ತಿರ, ತಿ. ನರಸೀಪುರ ತಾಲ್ಲೂಕು. ಬಾಡಿಗೆ ಮನೆ ಇದ್ದದ್ದು ನಂಜನಗೂಡಿನಲ್ಲಿ. ಎರಡೂ ಕಡೆ ನನ್ನ ಮುಖ ಕಂಡರೆ ಬಾಗಿಲು ಹಾಕಿಕೊಳ್ಳುವವರಿದ್ದರು. ಅದು ನನಗೆ ಹೆಮ್ಮೆಯ ವಿಷಯವಾಗಿತ್ತು. ಮದುವೆ ಆಗುವ ತನಕ.

ಮದುವೆ ಆದದ್ದು ಶ್ರೀಲಂಕಾದ ಹುಡುಗಿಯನ್ನು. ಮೈಸೂರಿಗೆ ಓದಲು ಬಂದಿದ್ದ ಸಿಂಹಳದವಳು. ನಮ್ಮ ಕೇರಿಯವರು ಬುದ್ಧನ ಕಡೆ ಹೊರಳಿದ್ದ ಹೊಸತರಲ್ಲಿ, ಭಾನುವಾರ ಬಸ್ಸಿನಲ್ಲಿ ಬಂದು ನಮ್ಮ ಮಕ್ಕಳಿಗೆ ಬುದ್ಧವಂದನೆ ಹೇಳಿಕೊಡುತ್ತಿದ್ದಳು. ಮಕ್ಕಳು ವಂದನೆ ಕಲಿತವು, ಅವಳು ಕನ್ನಡ ಕಲಿತಳು, ನಾನು ಭಾನುವಾರ ಕಾಯುವುದನ್ನು ಕಲಿತೆ. ತೊಂಬತ್ತರ ದಶಕದ ಕೊನೆ ಅದು. ಅವಳ ದೇಶದಲ್ಲಿ ಯುದ್ಧ ನಡೆಯುತ್ತಿತ್ತು. ಇಲ್ಲಿ ಲಂಕಾ ಅಂದರೆ ಪೊಲೀಸರಿಗೆ ಬಾಂಬು, ಊರವರಿಗೆ ರಾವಣ.

ಮರುವರ್ಷ ಅವಳು ಬಸುರಿಯಾದಳು. ಚೊಚ್ಚಲು ತವರಿನಲ್ಲಿ ಆಗಬೇಕು ಅನ್ನುವುದು ಅವರಲ್ಲೂ ಇದೆ, ನಮ್ಮಲ್ಲೂ ಇದೆ. ಆದರೆ ಡಾಕ್ಟರಮ್ಮ, "ಮೈಯಲ್ಲಿ ರಕ್ತ ಇಲ್ಲ, ಬಿ.ಪಿ. ಏರ್ತಾ ಇದೆ. ವಿಮಾನ ಇರಲಿ, ಆಟೋನೂ ಹತ್ತಬೇಡ" ಅಂದರು. ನನ್ನ ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು. ಹೆಂಡತಿ ಅವತ್ತು ಮನೆಗೆ ಬಂದವಳೇ ಗೋಡೆ ಕಡೆ ತಿರುಗಿ ಮಲಗಿ, "ನಮ್ಮಮ್ಮ ಬರದಿದ್ದರೆ ನಾನು ಸತ್ತೇ ಹೋಗ್ತೀನಿ ರೀ" ಅಂದಳು. ಬಾಯಿಮಾತಿಗೆ ಅಂದದ್ದಲ್ಲ, ಕೈ ತಣ್ಣಗಾಗಿತ್ತು. ಒಬ್ಬ ತಾಯಿ ತನ್ನ ಮಗಳ ಹತ್ತಿರ ಬರಲು ಎರಡು ಸರ್ಕಾರಗಳ ಸೀಲು ಬೇಕು ಎಂಬುದನ್ನು ನೆನೆದರೆ ಬೆಂಕಿ ಹಚ್ಚಬೇಕು ಅನ್ನಿಸುತ್ತದೆ. ಆದರೆ ಬೆಂಕಿ ಹಚ್ಚಿದವನ ಅತ್ತೆಗೆ ವೀಸಾ ಕೊಡುವುದಿಲ್ಲ.

ಕರೆಯೋಲೆ

ಕೊಲಂಬೊದಲ್ಲಿರುವ ಭಾರತದ ವೀಸಾ ಕಚೇರಿಯವರು ಅತ್ತೆ ಮಾವನಿಗೆ, "ಕರೆಸಿಕೊಳ್ಳುವವರ ಕಡೆಯಿಂದ ಒಂದು ಪತ್ರ ತನ್ನಿ" ಅಂದಿದ್ದರು. ಪತ್ರ ತಾನೇ? ನಾನು ಬರೆದಷ್ಟು ಪತ್ರ ಎರಡು ತಾಲ್ಲೂಕಿನಲ್ಲಿ ಯಾರೂ ಬರೆದಿಲ್ಲ. ಒಂದೇ ಸಲ ಕೂತು ಬರೆದು ಮುಗಿಸಿದೆ. ಹೆಂಡತಿ ನಿದ್ದೆ ಮಾಡುತ್ತಿದ್ದಳು, ಎಬ್ಬಿಸಿ ತೋರಿಸಲಿಲ್ಲ. ನಿವೃತ್ತ ಹೆಡ್‌ಮಾಸ್ಟರೊಬ್ಬರು ಅದನ್ನು ಇಂಗ್ಲಿಷಿಗೆ ಮಾಡಿಕೊಟ್ಟರು. ಒಂದಕ್ಷರ ಬಿಡುವ ಮನುಷ್ಯರಲ್ಲ ಅವರು. ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ.

ಮೂರು ವಾರ ಕಳೆದ ಮೇಲೆ ಮಾವನಿಂದ ಫೋನು ಬಂತು, ಬೀದಿ ತುದಿಯ ಎಸ್‌ಟಿಡಿ ಅಂಗಡಿಗೆ. ಮಾವ ನಿವೃತ್ತ ಪೋಸ್ಟ್‌ಮಾಸ್ಟರು, ಇರುವೆಗೂ ದಾರಿ ಬಿಟ್ಟು ನಡೆಯುವವರು. ಹೆಂಡತಿ ಅವರ ಹತ್ತಿರ ಸಿಂಹಳದಲ್ಲಿ ಮಾತಾಡುತ್ತಾ ಮಾತಾಡುತ್ತಾ ನನ್ನ ಕಡೆ ತಿರುಗಿದಳು. ಮುಖ ಬಿಳಿಚಿಕೊಂಡಿತ್ತು.

"ಏನು ಬರೆದಿದ್ದಿರಿ ರೀ?"

"ಎಲ್ಲಾರೂ ಬರೆಯೋ ಹಾಗೇ ಬರೆದೆ. ವಿಷಯ, ಉಲ್ಲೇಖ, ಹಕ್ಕೊತ್ತಾಯ."

"ಹಕ್ಕೊತ್ತಾಯಾನಾ?"

"ಐದು. ಒಂದನೇದು, ಕೂಡಲೇ ವೀಸಾ ಕೊಡಬೇಕು. ಎರಡನೇದು, ಆರು ತಿಂಗಳಿಗೆ ಕಮ್ಮಿ ಇರಕೂಡದು. ಮೂರನೇದು, ವಯಸ್ಸಾದವರನ್ನ ಸಾಲಲ್ಲಿ ನಿಲ್ಲಿಸಿದ ನೌಕರನನ್ನ ಅಮಾನತು ಮಾಡಬೇಕು…"

"ಕೊನೇಗೆ?"

ಕೊನೆಗೆ ಏನಿರುತ್ತದೆ? ಇಪ್ಪತ್ತು ವರ್ಷದಿಂದ ಏನು ಬರೆಯುತ್ತಿದ್ದೆನೋ ಅದೇ. ಏಳು ದಿನದೊಳಗೆ ಈಡೇರಿಸದಿದ್ದಲ್ಲಿ ಉಗ್ರ ಹೋರಾಟ ಅನಿವಾರ್ಯ, ಮುಂದಾಗುವ ಅನಾಹುತಗಳಿಗೆ ತಾವೇ ನೇರ ಹೊಣೆ. ಪ್ರತಿಗಳು: ಜಿಲ್ಲಾಧಿಕಾರಿಗಳಿಗೆ ಮತ್ತು ಪತ್ರಿಕೆಗಳಿಗೆ.

ಯುದ್ಧ ನಡೆಯುತ್ತಿದ್ದ ಊರಿನ ವೀಸಾ ಕಚೇರಿಗೆ ಹೋಗಿತ್ತು ಈ ಪತ್ರ. "ಮುಂದಾಗುವ ಅನಾಹುತ" ಎಂಬ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಮಾವನನ್ನು ಒಳಗಿನ ಕೋಣೆಗೆ ಕರೆದು, ಒಂದು ಗಂಟೆ ಕೂರಿಸಿ, "ಏನು ಅನಾಹುತ? ಎಲ್ಲಿ? ಯಾವಾಗ?" ಅಂತ ಕೇಳಿದ್ದರಂತೆ. ಪಾಪ, ಮಾವ ಬೆವರಿ ನೀರಾಗಿ, "ನನಗೂ ಗೊತ್ತಿಲ್ಲ ಸ್ವಾಮಿ, ಅವನನ್ನ ನಾನು ಫೋಟೋದಲ್ಲಿ ಮಾತ್ರ ನೋಡಿದ್ದೀನಿ" ಅಂದು ಬಂದಿದ್ದರು.

ಹೆಂಡತಿ ಫೋನು ಇಟ್ಟು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ನಮ್ಮಪ್ಪ ಒಂದೇ ಮಾತು ಕೇಳಿದರು. ನಿನ್ನ ಗಂಡ ನಮ್ಮನ್ನ ಬನ್ನಿ ಅಂತಿದ್ದಾನೋ, ಬಂದರೆ ನೋಡ್ಕೋತೀನಿ ಅಂತಿದ್ದಾನೋ?"

ದಯವಿಟ್ಟು

ಎರಡನೆಯ ಪತ್ರವನ್ನು ಹೆಂಡತಿಯೇ ಬರೆದಳು. ಆದರೆ ಮೊದಲನೆಯದರ ಪುಣ್ಯದಿಂದ ಈಗ ನನ್ನ ವಾಸಸ್ಥಳದ ದೃಢೀಕರಣ ಬೇಕು ಅಂದರು. ರೇಷನ್ ಕಾರ್ಡು ಒಂದು ತಾಲ್ಲೂಕಿನದು, ಮನೆ ಇನ್ನೊಂದು ತಾಲ್ಲೂಕಿನದು. ಯಾವ ಕಚೇರಿ ಅಂತ ಹೇಳುವುದಿಲ್ಲ, ಅವರ ತಪ್ಪು ಏನೂ ಇಲ್ಲ. ತಪ್ಪು ನನ್ನ ಚರಿತ್ರೆಯದು.

ಆ ದಿನ ಒಗೆದ ಅಂಗಿ ಹಾಕಿ, ತಲೆ ಬಾಚಿ, ಒಬ್ಬನೇ ಹೋದೆ. ಹೆಂಡತಿ ಬಾಗಿಲಲ್ಲಿ ನಿಂತು ಆಣೆ ಹಾಕಿಸಿದ್ದಳು: ಕೂಗಬಾರದು, ಮೇಜು ಗುದ್ದಬಾರದು, ಪ್ರತಿ ಮಾತಿಗೂ ದಯವಿಟ್ಟು ಅನ್ನಬೇಕು. ನನ್ನನ್ನು ಗೇಟಿನಲ್ಲಿ ಕಂಡ ಜವಾನ ಒಳಗೆ ಓಡಿದ. ಎರಡು ನಿಮಿಷದಲ್ಲಿ ಕಬ್ಬಿಣದ ಬಾಗಿಲು ಎಳೆದುಕೊಂಡಿತು.

ನಾನು ಸರಳಿನ ಈಚೆ ನಿಂತು ಕೈ ಮುಗಿದೆ. "ದಯವಿಟ್ಟು ಬಾಗಿಲು ತೆಗೀರಿ."

ಒಳಗಿನಿಂದ ಗುಮಾಸ್ತ, "ಉಳಿದೋರು ಎಲ್ಲವ್ರೆ?"

"ಯಾರೂ ಇಲ್ಲ, ನಾನೊಬ್ಬನೇ."

"ಅಂಗಾರೆ ಇನ್ನೂ ಅಪಾಯ. ಸಾಹೇಬ್ರೆ, ಒಬ್ಬನೇ ಬಂದವ್ನೆ! ಸೀಮೆಎಣ್ಣೆ ತಂದಿದ್ದಾನಾ ನೋಡಿ!"

ನಾನು ಆತ್ಮಾಹುತಿಗೆ ಬಂದಿದ್ದೇನೆ ಅಂತ ಅವನ ಲೆಕ್ಕ. ಚೀಲ ತೆಗೆದು ತೋರಿಸಿದೆ. ಅರ್ಜಿ, ಎರಡು ಫೋಟೊ, ಒಂದು ಬಾಳೆಹಣ್ಣು. ಒಳಗೆ ಬಿಟ್ಟರು. ನಾನು ಕುರ್ಚಿಯ ತುದಿಯಲ್ಲಿ ಕೂತು, "ದಯವಿಟ್ಟು ಒಂದು ವಾಸಸ್ಥಳದ ಸರ್ಟಿಫಿಕೇಟು. ದಯವಿಟ್ಟು ಇವತ್ತೇ ಕೊಟ್ಟರೆ ಉಪಕಾರ" ಅಂದೆ. ಗುಮಾಸ್ತ ನನ್ನ ಅರ್ಜಿ ಮುಟ್ಟಲಿಲ್ಲ. ಅದರ ಅಡಿಯಲ್ಲಿ ಏನಾದರೂ ಇದೆಯೇನೋ ಅಂತ ಪೆನ್ನಿನ ತುದಿಯಿಂದ ಎತ್ತಿ ನೋಡಿದ. ಸಾಹೇಬರು ಕನ್ನಡಕ ತೆಗೆದರು, ಹಾಕಿದರು. ನನಗೆ ಭಯ, ಕೊಡುವುದಿಲ್ಲವೇನೋ ಅಂತ. ಅವರಿಗೆ ಭಯ, ಇವನಿಗೆ ಏನಾಗಿದೆ ಅಂತ.

ಕೊನೆಗೆ ಗುಮಾಸ್ತ ನನ್ನ ಹತ್ತಿರ ಬಗ್ಗಿ ಪಿಸುಗುಟ್ಟಿದ: "ಸಾ, ನಿಮ್ಮ ಕಾಲಿಗೆ ಬೀಳ್ತೀನಿ. ನೀವು ದಯವಿಟ್ಟು ಅಂದ್ರೆ ನಮ್ಗೆ ಕೈಕಾಲು ಆಡಾಕಿಲ್ಲ. ಒಂದ್ಸಲ ಬೈದ್ಬುಡಿ, ಕೆಲಸ ಸುರು ಮಾಡ್ತೀವಿ."

ಎದ್ದು ನಿಂತು ಮೇಜು ಗುದ್ದಿದೆ. ಹತ್ತು ನಿಮಿಷದಲ್ಲಿ ಸೀಲು ಬಿತ್ತು.

ಅನುಮಾನಾಸ್ಪದ ವಸ್ತು

ಅದಾದ ಮೇಲೆ ಗುಪ್ತ ವಿಭಾಗದ ಪೇದೆ ವಿಚಾರಣೆಗೆ ಬಂದ. ಮಫ್ತಿಯಲ್ಲಿ ಬಂದಿದ್ದ, ಆದರೆ ಬೂಟು ಇಲಾಖೆಯದೇ. ಮೊದಲು ಹೋಗಿದ್ದು ಎದುರು ಮನೆಯ ಅಜ್ಜಿ ಹತ್ತಿರ. ನಮ್ಮ ಬೀದಿಗೆ ಅಜ್ಜಿಯೇ ಆಕಾಶವಾಣಿ. ನನ್ನ ಹೆಂಡತಿಯನ್ನು ಕಂಡರೆ ಜೀವ ಬಿಡುತ್ತಿದ್ದ ಮುದುಕಿ, ಹೇಗಾದರೂ ಮಾಡಿ ಒಳ್ಳೆಯ ಮಾತು ಹೇಳಿ ಉಪಕಾರ ಮಾಡಬೇಕು ಅಂತ ನಿಂತುಬಿಟ್ಟಳು. ನಾನು ಕಿಟಕಿಯಿಂದ ಕೇಳುತ್ತಿದ್ದೆ.

"ಅವ್ನಾ ಸಾ? ಚಿನ್ನದಂತೋನು! ಅವ್ನು ಒಂದು ಸೀಟಿ ಊದುದ್ರೆ ಇನ್ನೂರು ಜನ ಬಂದು ರೋಡಲ್ಲಿ ಮನೀಕತಾರೆ. ಒಂದು ಬಸ್ಸು ಅಲ್ಲಾಡಾಕಿಲ್ಲ!"

ಪೇದೆ ಬರೆದುಕೊಂಡ.

"ಆ ಯಮ್ಮ?"

"ಅವ್ಳು ಅವನ್ಗಿಂತ ಮ್ಯಾಲೆ. ಲಂಕೆಯೋಳು ಅಂತ ಒಂದಿನಾನೂ ತೋರಿಸ್ಕಂಡಿಲ್ಲ ಸಾ. ಅಷ್ಟು ಚೆಂದಾಗಿ ಬಚ್ಚಿಟ್ಕಂಡವ್ಳೆ!"

ಅದನ್ನೂ ಬರೆದುಕೊಂಡ. ನಂತರ ನಮ್ಮ ಮನೆಯೊಳಗೆ ಬಂದು, ಬಾಗಿಲ ಹತ್ತಿರವೇ ಕೂತು, "ಲಂಕೆಯಿಂದ ಪಾರ್ಸಲ್ ಏನಾರಾ ಬರ್ತದಾ?" ಅಂದ. ಹೆಂಡತಿ ನಿಜ ಹೇಳುವವಳು. ಒಳಗಿಂದ ಡಬ್ಬ ತಂದು ಮುಚ್ಚಳ ತೆಗೆದಳು. ಒಳಗೆ ಕರ್ರಗೆ, ಗೇಣುದ್ದ, ಕಲ್ಲಿನಂಥ ತುಂಡುಗಳು. ಅದು ಅವರ ಕಡೆಯ ಒಣಮೀನು. ಬೇಯಿಸಿ, ಹೊಗೆ ಹಾಕಿ, ತಿಂಗಳುಗಟ್ಟಲೆ ಒಣಗಿಸಿದ್ದು. ನೋಡಿದವರು ಯಾರೂ ಮೀನು ಅನ್ನುವುದಿಲ್ಲ.

"ಏನಮ್ಮ ಇದು?"

"ತಿನ್ನೋದು ಸಾರ್."

ಪೇದೆ ಒಂದು ತುಂಡನ್ನು ನೆಲಕ್ಕೆ ಮೆಲ್ಲಗೆ ತಾಗಿಸಿದ. ಟಣ್ ಅಂತು. ಅವನು ಎದ್ದು ಹೊಸಿಲು ದಾಟಿದ. "ತಿನ್ನೋದು ಇಂಗೆ ಸದ್ದು ಮಾಡ್ತದಾ?"

"ಕುಟ್ಟಿದರೆ ಗೊತ್ತಾಗುತ್ತೆ ಸಾರ್" ಅಂತ ಅವಳು ಒರಳಿಗೆ ಹಾಕಿ ಒನಕೆ ಎತ್ತಿದಳು. ಪೇದೆ "ಬ್ಯಾಡ ಕಣಮ್ಮಾ!" ಅಂತ ಕೂಗಿ ಬೀದಿ ದಾಟಿ ಅಜ್ಜಿಯ ಜಗುಲಿಯ ಹಿಂದೆ ಕೂತ. ಅಜ್ಜಿ ಯಾಕೆ ಅಂತ ಕೇಳದೆ ತಾನೂ ಪಕ್ಕದಲ್ಲಿ ಕೂತಳು. ನನಗೆ ನಗು ಬರಲಿಲ್ಲ. ಇವನು ಹೀಗೇ ಎದ್ದು ಹೋದರೆ ಏನು ಬರೆಯುತ್ತಾನೆ ಅಂತ ಗೊತ್ತಿತ್ತು. ಅವನ ಒಂದು ಸಾಲಿನ ಮೇಲೆ ನನ್ನ ಹೆಂಡತಿಯ ಜೀವ ನಿಂತಿತ್ತು. ಓಡಿಹೋಗಿ ಕೈ ಹಿಡಿದು ಕರೆದುಕೊಂಡು ಬಂದೆ. ಹೆಂಡತಿ ಆ ಪುಡಿಗೆ ತೆಂಗಿನತುರಿ, ಕೆಂಪು ಮೆಣಸು, ಈರುಳ್ಳಿ, ನಿಂಬೆರಸ ಹಾಕಿ ಕಲಸಿ, ಬಿಸಿ ಅನ್ನದ ಜೊತೆ ಇಟ್ಟಳು. ಮೊದಲ ತುತ್ತನ್ನು ಅವನು ನನಗೆ ತಿನ್ನಿಸಿದ. ನಾನು ಸಾಯದ್ದನ್ನು ನೋಡಿ ತಾನು ಶುರು ಮಾಡಿದ. ಮೂರು ಸಲ ಅನ್ನ ಹಾಕಿಸಿಕೊಂಡ.

ಕೈ ತೊಳೆದು, ಪುಸ್ತಕದಲ್ಲಿ "ಆಕ್ಷೇಪಣೆ ಇರುವುದಿಲ್ಲ" ಅಂತ ಬರೆದು, ಬಾಗಿಲಲ್ಲಿ ತಿರುಗಿ ನಿಂತ: "ನಿಮ್ಮತ್ತೆ ಬರೋವಾಗ ಆ ಬಾಂಬು ಒಂದೆರಡು ಕೆ.ಜಿ. ತರಾಕೆ ಏಳಿ."

ಧಿಕ್ಕಾರ

ಏಳು ತಿಂಗಳು ತುಂಬಿತು. ವೀಸಾ ಬರಲಿಲ್ಲ. ಹೆಂಡತಿಯ ಕಾಲು ಊದಿಕೊಂಡಿತು. ಅವಳು ಈಗ ಏನೂ ಕೇಳುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ. ನನ್ನ ಸಂಕಟ ನೋಡಲಾರದೆ ನಮ್ಮ ಸಂಘದ ಹುಡುಗರು ನನಗೆ ಹೇಳದೇ ಒಂದು ತೀರ್ಮಾನ ಮಾಡಿದ್ದರು. ಸೋಮವಾರ ಬೆಳಿಗ್ಗೆ ಒಬ್ಬ ಸೈಕಲ್ಲಿನಲ್ಲಿ ಬಂದು, "ಅಣ್ಣಾ, ಬಿಳಿಗೆರೆ ರೋಡು ಬಂದ್ ಆಗದೆ. ನೀನು ಬಂದು ಭಾಷಣ ಮಾಡದೊಂದೇ ಬಾಕಿ" ಅಂದ.

ಹೋಗಿ ನೋಡಿದರೆ ರಸ್ತೆಗೆ ಅಡ್ಡ ಎತ್ತಿನಗಾಡಿ, ಎರಡು ಕಡೆ ಬಸ್ಸು, ನಡುವೆ ಬಟ್ಟೆಯ ಬ್ಯಾನರು: "ನಮ್ಮ ಅತ್ತೆಗೆ ವೀಸಾ ಕೊಡಿ, ಇಲ್ಲವೇ ಕುರ್ಚಿ ಬಿಡಿ." ಎಪ್ಪತ್ತು ಎಂಬತ್ತು ಜನ. ಯಾರ ಅತ್ತೆ, ಯಾವ ಕುರ್ಚಿ ಒಂದೂ ಗೊತ್ತಿಲ್ಲದೆ ಬಿಸಿಲಲ್ಲಿ ಕೂತು ಕೂಗುತ್ತಿದ್ದರು. ಪೊಲೀಸರು ಬಂದು ಇನ್ನೊಂದು ಕೇಸು ಬರೆದರೆ ಪೇದೆ ಬರೆದ "ಆಕ್ಷೇಪಣೆ ಇಲ್ಲ" ಕಸದ ಬುಟ್ಟಿಗೆ ಹೋಗುತ್ತಿತ್ತು. ನಾನು ಜೀವನದಲ್ಲಿ ಮೊದಲ ಸಲ ಒಂದು ರಸ್ತೆ ತಡೆಯನ್ನು ನಿಲ್ಲಿಸಲು ಓಡಿದೆ.

"ಏಳ್ರಪ್ಪಾ, ಗಾಡಿ ತೆಗೀರಿ! ನಿಮಗೆ ಕೈ ಮುಗೀತೀನಿ!"

ಮುಂದೆ ಕೂತಿದ್ದ ನನ್ನದೇ ಶಿಷ್ಯ ಎದ್ದ. ಮೈಕು ಹಿಡಿಯಲು ನಾನೇ ಕಲಿಸಿದವನು. "ಏನಣ್ಣಾ, ಅಧಿಕಾರಿಗಳ ಪರವಾಗಿ ಮಾತಾಡ್ತಾ ಇದ್ದೀಯಲ್ಲ?"

"ಲೇ, ನನ್ನ ಅತ್ತೆ ಕಣ್ಲಾ ಅದು!"

"ನಿನ್ನತ್ತೆ ಆಗಿದ್ದು ಮನೇಲಿ. ರೋಡಿಗೆ ಬಂದ್ಮೇಲೆ ಜನರ ಅತ್ತೆ ಅಂತ ನೀನೇ ಏಳ್ಕೊಟ್ಟಿದ್ದಲ್ವಾ? ಸಮಸ್ಯೆ ಒಬ್ಬಂದಲ್ಲ, ಎಲ್ಲರ್ದು ಅಂತ?"

ಹೇಳಿದ್ದೆ. ನಾನು ಹೋಗಿ ಎತ್ತಿನ ಮೂಗುದಾರ ಹಿಡಿದು ಗಾಡಿ ಎಳೆಯತೊಡಗಿದೆ. ಹಿಂದಿನಿಂದ ನನ್ನ ಶಿಷ್ಯನ ಗಂಟಲು ಎದ್ದಿತು: "ಹೋರಾಟ ಮಾರಿಕೊಂಡ ನಾಯಕನಿಗೆ…"

ಎಂಬತ್ತು ಜನ, ನಾನು ಕಲಿಸಿದ ರಾಗದಲ್ಲೇ, "ಧಿಕ್ಕಾರ!" ಅಂದರು. ಅಭ್ಯಾಸ ಬಲದಿಂದ ನಾನೂ ಮುಷ್ಟಿ ಎತ್ತಿಬಿಟ್ಟಿದ್ದೆ.

ಸತ್ತವರು ಯಾರು

ವೀಸಾ ಬಂತು. ಹೇಗೆ ಬಂತು ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ. ಒಂಬತ್ತು ತುಂಬಿ ನಾಲ್ಕು ದಿನವಾಗಿತ್ತು. ಅತ್ತೆ ಮಾವ ಮದ್ರಾಸಿಗೆ ವಿಮಾನದಲ್ಲಿ, ಮೈಸೂರಿಗೆ ರೈಲಿನಲ್ಲಿ ಬಂದರು. ನಾನು ಸ್ಟೇಷನ್ನಿನಿಂದ ಕರೆತಂದೆ. ಇಬ್ಬರೂ ತಲೆಯಿಂದ ಕಾಲಿನವರೆಗೆ ಬಿಳಿ. ಅವರಲ್ಲಿ ಬುದ್ಧವಿಹಾರಕ್ಕೆ ಹೋಗುವಾಗ ಬಿಳಿ ಉಡುತ್ತಾರೆ. ಹೊರಡುವ ದಿನ ವಿಹಾರಕ್ಕೆ ಹೋಗಿ ಮಗಳಿಗೆ ಹರಸಿಕೊಂಡು, ಅವಳ ಮುಖ ನೋಡುವವರೆಗೆ ಆ ಬಟ್ಟೆ ಬದಲಿಸುವುದಿಲ್ಲ ಅಂತ ಬಂದಿದ್ದರು.

ಬಂದವರು ಮೊದಲು ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಬೇಕಿತ್ತು. ಅಲ್ಲಿ ಫಾರಂ ಮೂರು ಪ್ರತಿ. ಅತ್ತೆ ಕುರ್ಚಿಯಲ್ಲಿ ಕೂರಲಾರದೆ ಬಾಗಿಲ ಕಡೆಯೇ ನೋಡುತ್ತಿದ್ದರು. ಇನ್‌ಸ್ಪೆಕ್ಟರರು ಒಳ್ಳೆಯವರು, "ಹೆಂಗಸನ್ನ ಮನೆಗೆ ಕಳಿಸಿ, ನೀವಿಬ್ಬರೂ ಬರೆದುಕೊಟ್ಟು ಹೋಗಿ" ಅಂದರು. ಗುರುತಿನ ಆಟೋದವನಿಗೆ ಮನೆ ಹೇಳಿ ಅತ್ತೆಯನ್ನು ಹತ್ತಿಸಿದೆ.

ಮುಂದಿನದನ್ನು ನಾನು ಆಮೇಲೆ ಕೇಳಿ ಜೋಡಿಸಿದ್ದು. ಆಟೋ ನಿಂತಿತು. ಅತ್ತೆ ಇಳಿದರು. ಒಬ್ಬರೇ. ಬಿಳಿ ಸೀರೆ, ಕೆದರಿದ ತಲೆ, ನಿದ್ದೆಯಿಲ್ಲದೆ ಊದಿದ ಕಣ್ಣು. ಬಾಗಿಲಲ್ಲಿ ಮಗಳನ್ನು ಕಂಡವರೇ ತಬ್ಬಿಕೊಂಡು ಗೊಳೋ ಅಂತ ಅತ್ತರು. ಮಗಳೂ ಅತ್ತಳು. ಅತ್ತೆ ಮಗಳ ಊದಿದ ಕಾಲು ನೋಡಿ, ಒಳಗೆ ಕರೆದುಕೊಂಡು ಹೋಗಿ, ಎಣ್ಣೆ ಹಚ್ಚಲು ಬಾಗಿಲು ಹಾಕಿಕೊಂಡರು.

ಎದುರು ಜಗುಲಿಯಲ್ಲಿ ಅಜ್ಜಿ ಇದನ್ನೆಲ್ಲ ನೋಡುತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ಬರುತ್ತಾರೆ ಅಂತ ಕೇಳಿದ್ದಳು. ಬಂದದ್ದು ಹೆಂಡತಿ ಒಬ್ಬಳೇ. ಬಿಳಿ ಉಟ್ಟು. ಅಳುತ್ತಾ. ಇನ್ನೇನು ಬೇಕು? "ಅಯ್ಯೋ, ಮಗಳ ಮೊಕ ನೋಡ್ದೆ ದಾರೀಲೇ ಓಗ್ಬುಟ್ಯಲ್ಲಪ್ಪೋ!" ಅಂತ ಶುರು ಮಾಡಿದಳು.

ನಮ್ಮ ಬೀದಿಯಲ್ಲಿ ಒಂದು ರೀತಿ ಇದೆ. ಒಬ್ಬಳು ಹಾಡಿಕೊಂಡು ಅತ್ತರೆ, ಉಳಿದ ಹೆಂಗಸರು ಸೆರಗು ಬಾಯಿಗಿಟ್ಟು ಬಂದು ಸೇರುತ್ತಾರೆ. ಯಾರು ಸತ್ತರು ಅಂತ ಮೊದಲು ಕೇಳುವುದು ಮರ್ಯಾದೆಯಲ್ಲ. ಮೊದಲು ಅಳಬೇಕು, ಆಮೇಲೆ ವಿಚಾರಿಸಬೇಕು. ಕಾಲು ಗಂಟೆಯಲ್ಲಿ ಹದಿನೈದು ಹೆಂಗಸರು ನಮ್ಮ ಬಾಗಿಲ ಮುಂದೆ ಕೂತು ಅಳುತ್ತಿದ್ದರು.

ಇತ್ತ ಇನ್‌ಸ್ಪೆಕ್ಟರರು, "ಜೀಪಿನಲ್ಲೇ ಬಿಡ್ತಾರೆ ಹೋಗಿ" ಅಂದಿದ್ದರು. ಜೀಪು ಬೀದಿ ತಿರುಗಿತು. ನನ್ನ ಮನೆ ಮುಂದೆ ಜನ. ಅಳು. ಬಾಗಿಲು ಮುಚ್ಚಿದೆ.

ನನ್ನ ಕಿವಿಯಲ್ಲಿ ಅವಳ ಮಾತೊಂದೇ ಗುಂಯ್ ಅಂದಿತು. ಸತ್ತೇ ಹೋಗ್ತೀನಿ ರೀ. ಲಾಠಿ ಏಟಿಗೂ ಬಗ್ಗದ ಕಾಲು ಜೀಪಿನಿಂದ ಇಳಿಯಲಿಲ್ಲ. ಮಾವನಿಗೆ ಭಾಷೆ ಬರದಿದ್ದರೂ ಅಳು ಅರ್ಥವಾಯಿತು. ಅವರು ಇಳಿದು, ಎರಡು ಹೆಜ್ಜೆ ಇಟ್ಟು, ಬಿಳಿ ಬಟ್ಟೆಯಲ್ಲೇ ಮಣ್ಣಿನಲ್ಲಿ ಕುಸಿದು ಕೂತು ಮಗಳ ಹೆಸರು ಹಿಡಿದು ಕೂಗಿ ಅತ್ತರು. ಅಜ್ಜಿ ಮಾವನನ್ನು ಹಿಂದೆ ಕಂಡವಳಲ್ಲ. ಸತ್ತವನ ತಮ್ಮನೋ ಅಣ್ಣನೋ ಇರಬೇಕು ಅಂದುಕೊಂಡು ಬಂದು ಪಕ್ಕದಲ್ಲಿ ಕೂತು, ಅವರ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡು, "ಅಳಪ್ಪಾ, ಅತ್ಬುಡು, ಎಂತಾ ಮನ್ಸನ್ನ ಕಳ್ಕಂಡೆ" ಅಂತ ಇನ್ನೂ ಎತ್ತರದಲ್ಲಿ ಹಾಡಿದಳು. ಜೀಪಿನ ಡ್ರೈವರು ಟೋಪಿ ತೆಗೆದು ನಿಂತ.

ಬಾಗಿಲು ತೆರೆಯಿತು. ನನ್ನ ಹೆಂಡತಿ ಸೊಂಟ ಹಿಡಿದುಕೊಂಡು, ಕಣ್ಣೀರು ಸುರಿಸುತ್ತಾ, ಬಾಗಿಲ ಕಂಬಕ್ಕೆ ಒರಗಿ ನಿಂತಿದ್ದಳು. ನನ್ನನ್ನು ನೋಡಿದವಳು ಚಿಟ್ಟನೆ ಚೀರಿದಳು.

"ನೀವು ಸತ್ತಿಲ್ವಾ?"

"ನಾನ್ಯಾಕೆ ಸಾಯ್ಲಿ? ನೀನು ಸತ್ತಿಲ್ವಾ?"

"ಠಾಣೇಲಿ ನಿಮ್ಮನ್ನ ಹೊಡೆದು ಸಾಯಿಸಿದ್ರು ಅಂದ್ಕೊಂಡೆ ರೀ! ಬೀದಿ ಎಲ್ಲಾ ಅಳ್ತಾ ಇದೆ!"

ಅಳು ನಿಂತಿತು. ಹದಿನೈದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾವ ಅಜ್ಜಿಯ ಹೆಗಲಿನಿಂದ ತಲೆ ಎತ್ತಿ, ಮಗಳನ್ನು ನೋಡಿ, ಎದ್ದು ಓಡಿದರು. ಅಷ್ಟರಲ್ಲಿ ಅವಳು ಸೊಂಟ ಬಿಗಿಹಿಡಿದು, "ಅಮ್ಮಾ!" ಅಂತ ಅಲ್ಲೇ ಕೂತಳು. ಹೆರಿಗೆ ನೋವು ಶುರುವಾಗಿತ್ತು. ಅದೇ ಪೊಲೀಸ್ ಜೀಪಿನಲ್ಲಿ, ಅತ್ತೆಯ ತೊಡೆಯ ಮೇಲೆ ತಲೆ ಇಟ್ಟುಕೊಂಡು, ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಎರಡು ಗಂಟೆ ಹೊರಗೇ ಬರಲಿಲ್ಲ. ಆ ಎರಡು ಗಂಟೆ ನಾನು ಯಾವ ಸರ್ಕಾರವನ್ನೂ ಬೈಯಲಿಲ್ಲ. ಸಂಜೆ ಹೆಣ್ಣು ಮಗು. ತಾಯಿ ಮಗು ಇಬ್ಬರೂ ಉಳಿದರು.

ಮಾರನೆಯ ದಿನ ಅಜ್ಜಿ ಮಗು ನೋಡಲು ಆಸ್ಪತ್ರೆಗೆ ಬಂದಳು. ಮಂಚದ ಪಕ್ಕ ಮಾವ ಕೂತಿದ್ದರು. "ಅಜ್ಜಿ, ಇವರೇ ನಮ್ಮಪ್ಪ. ನೀವು ನಿನ್ನೆ ಅತ್ತಿದ್ದು ಇವರಿಗೇ" ಅಂದಳು ನನ್ನ ಹೆಂಡತಿ. ಸಿಂಹಳದಲ್ಲಿ ಅಪ್ಪನಿಗೂ ಹೇಳಿದಳು. ಮಾವ ಎದ್ದು ನಿಂತು, ಎರಡೂ ಕೈ ಜೋಡಿಸಿ, ಅಜ್ಜಿಗೆ ಬಗ್ಗಿ ನಮಸ್ಕಾರ ಮಾಡಿದರು.

ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎಲೆ ಅಡಿಕೆಯ ಸಂಚಿ ಬಿಚ್ಚುತ್ತಾ ನನಗೆ ಹೇಳಿದಳು:

"ಏಳ್ಬುಡ್ಲಾ ನಿಮ್ಮಾವ್ನಿಗೆ. ನಂದು ಅತ್ತು ಮುಗೀತು, ಏನೂ ಬಾಕಿ ಇಲ್ಲ. ಮುಂದೆ ನಿಜವಾಗ್ಲೂ ಸತ್ತಾಗ ನನ್ನ ಕರೀಬ್ಯಾಡಿ, ನಾ ಬರಾಕಿಲ್ಲ."